ವರದಿಯ ಅಂಕಿ ಏರಿದಾಗ ಹೆದರಬೇಕೇ?

(ರಕ್ತ ಕ್ಯಾನ್ಸರ್ ರೋಗಿಗಳು ಹಾಗೂ ಅವರ ಮನೆಯವರಿಗಾಗಿ ನಮ್ಮ ಆಸ್ಪತ್ರೆಯಲ್ಲಿ ನರ್ಸಿಂಗ್ ಬೋಧಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಇಲ್ಲಿ ಕುಳಿತಿರುವ ಹೆಚ್ಚಿನವರು ಸಿ.ಎಂ.ಎಲ್. ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿಗೆ ದಿನವೂ ಮಾತ್ರೆ ನುಂಗುತ್ತಿರುವವರು. ಇಂದಿನ ನನ್ನ ಮಾತು ಆ ಕಾಯಿಲೆಗೆ ಮಾತ್ರ ಸಂಬಂಧಿಸಿದ್ದು. ರಕ್ತದ ಕ್ಯಾನ್ಸರುಗಳಲ್ಲಿ ಬೇರೆ ಬೇರೆ ಬಗೆಗಳಿವೆ. ಮಕ್ಕಳಲ್ಲಿ ಹೆಚ್ಚಾಗಿ ಬರುವ ಎ.ಎಲ್.ಎಲ್. ಆಗಲಿ, ಎ.ಎಂ.ಎಲ್. ಆಗಲಿ, ಅವುಗಳ ಪರೀಕ್ಷೆಯ ಲೆಕ್ಕವೇ ಬೇರೆ. ಅಂಥವರು ಈ ಅಂಕಿಗಳನ್ನು ತಮ್ಮ ವರದಿಗೆ ಹಚ್ಚಿ ನೋಡಬಾರದು.

ಇನ್ನೊಂದು ಮಾತು. ನಾನು ವೈದ್ಯಳಲ್ಲ. ನಿಮ್ಮ ಮಾತ್ರೆ ಬದಲಿಸುವ, ನಿಲ್ಲಿಸುವ ಅಧಿಕಾರ ನನಗಿಲ್ಲ. ಆದರೆ ವರದಿ ಕೈಗೆ ಬಂದ ಗಳಿಗೆಯಿಂದ ವೈದ್ಯರ ಮುಂದೆ ಕೂರುವವರೆಗೆ ನೀವು ಪಡುವ ಸಂಕಟವನ್ನು ನಾವು ನರ್ಸುಗಳು ದಿನವೂ ನೋಡುತ್ತೇವೆ. ಮೊದಲೆಲ್ಲ ವರದಿ ಆಸ್ಪತ್ರೆಗೇ ಬರುತ್ತಿತ್ತು, ವೈದ್ಯರು ಓದಿ ಹೇಳುತ್ತಿದ್ದರು. ಈಗ ರಾತ್ರಿ ಒಂಬತ್ತಕ್ಕೆ ಮೊಬೈಲಿಗೇ ಬರುತ್ತದೆ. ಮನೆಯಲ್ಲಿ ಇಂಗ್ಲಿಷ್ ಓದುವ ಮಗನೋ ಸೊಸೆಯೋ ನೋಡಿ, "ಹೋದ ಸಲಕ್ಕಿಂತ ಜಾಸ್ತಿ ಆಗಿದೆ" ಎಂದರೆ ಮುಗಿಯಿತು, ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಹೋದ ತಿಂಗಳು ಒಬ್ಬ ತಾಯಿ ಬೆಳಗಿನ ಮೊದಲ ಬಸ್ಸು ಹಿಡಿದು ಬಂದು ಬಾಗಿಲಲ್ಲೇ ಕೇಳಿದರು: "ಸಿಸ್ಟರ್, ಡಬ್ಬಲ್ ಆಗೇತಲ್ರಿ, ಮತ್ತ ಬಂತೇನ್ರಿ?" ಅವರ ಅಂಕಿ 0.03 ಇದ್ದದ್ದು 0.08 ಆಗಿತ್ತು. ಡಬ್ಬಲ್‌ಗಿಂತಲೂ ಹೆಚ್ಚು ಏರಿತ್ತು, ನಿಜ. ಆದರೆ ಕಾಯಿಲೆ ಮರಳಿರಲಿಲ್ಲ. ಹೇಗೆ ಎಂಬುದನ್ನೇ ಇಂದು ಹೇಳುತ್ತೇನೆ.

ಮೊದಲು ಈ ಪರೀಕ್ಷೆ ಏನನ್ನು ಹುಡುಕುತ್ತದೆ ನೋಡೋಣ. ನಮ್ಮ ಪ್ರತಿ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಸಿ.ಎಂ.ಎಲ್.ನಲ್ಲಿ 9ನೆಯ ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲು ಬದಲಾಗಿ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಜೋಡಿ ವಂಶವಾಹಿ ಹುಟ್ಟುತ್ತದೆ. ಅದು ಬಿಳಿ ರಕ್ತಕಣಗಳಿಗೆ "ಬೆಳೆ, ಬೆಳೆ" ಎಂದು ಬಿಡುವಿಲ್ಲದೆ ಆಜ್ಞೆ ಕೊಡುತ್ತಲೇ ಇರುತ್ತದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬ ವಿಜ್ಞಾನಿಗಳು ಈ ಗಿಡ್ಡ ವರ್ಣತಂತುವನ್ನು ಮೊದಲು ಕಂಡರು. ಅದಕ್ಕೇ ಅದರ ಹೆಸರು ಫಿಲಡೆಲ್ಫಿಯಾ ಕ್ರೋಮೋಸೋಮ್. ತುಂಡುಗಳ ಅದಲು ಬದಲನ್ನು 1973ರಲ್ಲಿ ತೋರಿಸಿಕೊಟ್ಟವರು ಜ್ಯಾನೆಟ್ ರೌಲಿ ಎಂಬ ಮಹಿಳೆ. ಇದು ತಂದೆ ತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. "ನನ್ನ ಮಗಳ ಮದುವೆಗೆ ಇದು ಅಡ್ಡಿಯಾಗುತ್ತದೆಯೇ" ಎಂದು ಪಿಸುಮಾತಿನಲ್ಲಿ ಕೇಳುವವರು ಬಹಳ ಮಂದಿ, ಆದ್ದರಿಂದ ಎಲ್ಲರ ಮುಂದೆಯೇ ಹೇಳುತ್ತಿದ್ದೇನೆ.

ನೀವು ನುಂಗುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲಿ ಅದರ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಭಾರತದ ಕಂಪನಿಗಳು ಕಡಿಮೆ ಬೆಲೆಗೆ ಈ ಮಾತ್ರೆ ತಯಾರಿಸುವುದು ಹಾಗೆ ಉಳಿದುಕೊಂಡಿತು. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಆ ಜೋಡಿ ವಂಶವಾಹಿಯ ಕುರುಹು ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಅದೇ ಪಿಸಿಆರ್ ಪರೀಕ್ಷೆ. ಬರೀ ರಕ್ತ ಸಾಕು, ಪ್ರತಿ ಸಲ ಎಲುಬಿನ ಮಜ್ಜೆ ತೆಗೆಯಬೇಕಿಲ್ಲ.

"ಸಿ.ಬಿ.ಸಿ. ನಾರ್ಮಲ್ ಬಂದಿದೆ, ಮತ್ತೆ ಇಷ್ಟು ದುಡ್ಡಿನ ಪರೀಕ್ಷೆ ಯಾಕೆ?" ಎಂದು ಕೇಳುವವರಿದ್ದಾರೆ. ಕಾಯಿಲೆ ಪತ್ತೆಯಾದಾಗ ಮೈಯಲ್ಲಿ ಅಂದಾಜು ಒಂದು ಲಕ್ಷ ಕೋಟಿ ಕೆಟ್ಟ ಕಣಗಳಿರುತ್ತವೆ ಎನ್ನುತ್ತಾರೆ. ಅದು ಸಾವಿರದ ಒಂದು ಪಾಲಿಗೆ ಇಳಿದರೂ ನೂರು ಕೋಟಿ ಉಳಿಯುತ್ತದೆ. ಸಿ.ಬಿ.ಸಿ. ಮಾತ್ರ ಅದಕ್ಕೂ ಬಹಳ ಮೊದಲೇ, ಮಾತ್ರೆ ಶುರುವಾದ ಕೆಲವು ವಾರಗಳಲ್ಲೇ ನಾರ್ಮಲ್ ಆಗಿಬಿಡುತ್ತದೆ. ಉಳಿದದ್ದನ್ನು ಅದು ಕಾಣಲಾರದು. ಹಾಗೆಯೇ ನೆಗಡಿ ಜ್ವರ ಬಂದು ಬಿಳಿಕಣ ಸ್ವಲ್ಪ ಏರಿದರೆ ಅದು ಕ್ಯಾನ್ಸರ್ ಏರಿತು ಎಂದೂ ಅಲ್ಲ.

ಈಗ ಅಂಕಿಗೆ ಬರೋಣ. ವರದಿಯಲ್ಲಿ ಶೇಕಡಾ ಗುರುತು ಇರುತ್ತದೆ, ಪಕ್ಕದಲ್ಲಿ "ಐ.ಎಸ್." ಎಂಬ ಎರಡು ಅಕ್ಷರ. ಇಂಟರ್‌ನ್ಯಾಷನಲ್ ಸ್ಕೇಲ್ ಎಂದು ಅದರ ಅರ್ಥ. ಬೇರೆ ಬೇರೆ ಲ್ಯಾಬುಗಳ ಅಳತೆ ಒಂದಕ್ಕೊಂದು ಹೊಂದಲೆಂದು ಮಾಡಿಕೊಂಡ ಒಪ್ಪಂದ ಅದು. ಇಮ್ಯಾಟಿನಿಬ್‌ನ ಮೊದಲ ದೊಡ್ಡ ಅಧ್ಯಯನದಲ್ಲಿ ಚಿಕಿತ್ಸೆ ಶುರುವಾಗುವ ಮುಂಚಿನ 30 ರೋಗಿಗಳ ಸರಾಸರಿಯನ್ನು 100 ಎಂದು ಹಿಡಿದರು. ಅದರಿಂದ ಎಷ್ಟು ಇಳಿದಿದೆ ಎಂಬುದೇ ನಿಮ್ಮ ಅಂಕಿ. ಆದ್ದರಿಂದ ಮೊದಲ ವರದಿಯಲ್ಲಿ ಕೆಲವರಿಗೆ 60 ಇರಬಹುದು, ಕೆಲವರಿಗೆ 100ಕ್ಕಿಂತ ಹೆಚ್ಚೂ ಇರಬಹುದು. 60 ಇದ್ದರೆ ನೂರು ಕಣಗಳಲ್ಲಿ ಅರವತ್ತು ಕೆಟ್ಟಿವೆ ಎಂದು ತಿಳಿಯಬೇಡಿ. ಲ್ಯಾಬಿನವರು ಎಣಿಸುವುದು ಕಣಗಳನ್ನಲ್ಲ, ಆ ವಂಶವಾಹಿಯ ನಕಲು ಪ್ರತಿಗಳನ್ನು.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಕ್ವಿಂಟಲ್ ಜೋಳ ಪೂರ್ತಿ ಹುಳ ಹಿಡಿದಿದೆ ಎಂದುಕೊಳ್ಳಿ. ಅದು 100. ಹಸನು ಮಾಡುತ್ತಾ ಹೋದಿರಿ, ಹುಳುಕು ಕಾಳು 10 ಕಿಲೋ ಉಳಿಯಿತು, ಅದು 10. ಒಂದು ಕಿಲೋ ಉಳಿದರೆ 1. ನೂರು ಗ್ರಾಂ, ಅಂದರೆ ಎರಡು ಮೂರು ಮುಷ್ಟಿ ಉಳಿದರೆ 0.1. ಹತ್ತು ಗ್ರಾಂ ಉಳಿದರೆ 0.01. ಒಂದೇ ಗ್ರಾಂ, ಬೆರಳ ತುದಿಗೆ ಹತ್ತುವ ಕೆಲವು ಕಾಳು ಉಳಿದರೆ 0.001. ಪ್ರತಿ ಮೆಟ್ಟಿಲೂ ಹತ್ತು ಪಟ್ಟಿನದು. ವೈದ್ಯರು "ಒಂದು ಲಾಗ್ ಇಳಿದಿದೆ" ಎನ್ನುವುದು ಇದಕ್ಕೇ. 100ರಿಂದ 0.1ಕ್ಕೆ ಬಂದರೆ ಮೂರು ಲಾಗ್. ಆ 0.1ಕ್ಕೆ ಎಂ.ಎಂ.ಆರ್. ಎಂಬ ಹೆಸರಿದೆ. ಸಿ.ಎಂ.ಎಲ್. ರೋಗಿಗೆ ಅದು ದೊಡ್ಡ ಮೈಲಿಗಲ್ಲು. ಅಲ್ಲಿಗೆ ತಲುಪಿ ಅದರ ಕೆಳಗೇ ಇರುವವರಲ್ಲಿ ಕಾಯಿಲೆ ಉಲ್ಬಣಿಸುವುದು ಬಹಳ ಅಪರೂಪ.

ಈಗ ಆ ತಾಯಿಯ ವರದಿ ನೋಡಿ. 0.03 ಎಂದರೆ 30 ಗ್ರಾಂ, 0.08 ಎಂದರೆ 80 ಗ್ರಾಂ. ಎರಡೂ ನೂರು ಗ್ರಾಮಿನ ಗೆರೆಯ ಕೆಳಗೇ ಇವೆ. ಅಡತಿ ಅಂಗಡಿಯ ದೊಡ್ಡ ಕಾಟಾದಲ್ಲಿ ಚೀಲ ತೂಗಿದರೆ ಲೆಕ್ಕ ಸರಿ ಬರುತ್ತದೆ, ಅದೇ ಕಾಟಾದ ಮೇಲೆ ಒಂದು ಚಿಟಿಕೆ ಜೀರಿಗೆ ಇಟ್ಟರೆ ಮುಳ್ಳು ಆ ಕಡೆ ಈ ಕಡೆ ಆಡುತ್ತದೆ. ಪಿಸಿಆರ್ ಬಹಳ ಸೂಕ್ಷ್ಮವಾದ ತಕ್ಕಡಿಯೇ, ಆದರೂ ಅಷ್ಟು ಕೆಳಗೆ ಹೋದಾಗ ಅದರ ಮುಳ್ಳೂ ಆಡುತ್ತದೆ. ಒಬ್ಬರದೇ ರಕ್ತವನ್ನು ಒಂದೇ ಲ್ಯಾಬಿನಲ್ಲಿ ಎರಡು ಸಲ ನೋಡಿದರೂ ಎರಡು ಮೂರು ಪಟ್ಟಿನ ವ್ಯತ್ಯಾಸ ಬರಬಹುದು. ಕಾಯಿಲೆ ಇದ್ದಲ್ಲೇ ಇದ್ದರೂ ಅಂಕಿ 0.02, 0.05, 0.01, 0.04 ಎಂದು ಏರಿಳಿಯುತ್ತದೆ. ಈ ಏರಿಳಿತಕ್ಕೆ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಹಾಗಾದರೆ ಯಾವಾಗ ಎಚ್ಚರ ವಹಿಸಬೇಕು? ಮಾತ್ರೆ ಶುರುವಾದ ಮೊದಲ ವರ್ಷದಲ್ಲಿ ವೈದ್ಯರು ನೋಡುವ ಗುರುತುಗಳಿವೆ. ಮೂರು ತಿಂಗಳಿಗೆ 10 ಅಥವಾ ಅದಕ್ಕಿಂತ ಕಡಿಮೆ, ಆರು ತಿಂಗಳಿಗೆ 1 ಅಥವಾ ಕಡಿಮೆ, ಹನ್ನೆರಡು ತಿಂಗಳಿಗೆ 0.1 ಅಥವಾ ಕಡಿಮೆ. ಹೀಗಿದ್ದರೆ ದಾರಿ ಸರಿಯಾಗಿದೆ ಎಂದರ್ಥ. ಮೂರು ತಿಂಗಳಿಗೆ 14 ಬಂತು ಎಂದ ತಕ್ಷಣ ಮಾತ್ರೆ ಸೋತಿತು ಎನ್ನುವುದಿಲ್ಲ, ಮತ್ತೊಮ್ಮೆ ಪರೀಕ್ಷೆ ಮಾಡಿ ಇಳಿಯುತ್ತಿದೆಯೇ ನೋಡುತ್ತಾರೆ. ಆದರೆ ಆರು ತಿಂಗಳಾದರೂ 10ರ ಮೇಲೆ, ವರ್ಷವಾದರೂ 1ರ ಮೇಲೆ ಇದ್ದರೆ ಸಾಮಾನ್ಯವಾಗಿ ಮಾತ್ರೆ ಬದಲಿಸುವ ವಿಚಾರ ಮಾಡುತ್ತಾರೆ.

ವರ್ಷಗಳಿಂದ ಚೆನ್ನಾಗಿರುವವರಿಗೆ ಗೆರೆ 0.1. ಅದರ ಕೆಳಗಿದ್ದ ಅಂಕಿ ಅದನ್ನು ದಾಟಿ ಮೇಲೆ ಬಂದರೆ ಎಚ್ಚರಿಕೆಯ ಗಂಟೆ. 1 ದಾಟಿದರೆ ತಡ ಮಾಡಲೇಬಾರದು. ಅಂಕಿ ಎಷ್ಟಿದೆ ಎಂಬುದರ ಜೊತೆಗೆ ಅದು ಹೋಗುತ್ತಿರುವ ದಿಕ್ಕನ್ನೂ ನೋಡಬೇಕು. ಒಬ್ಬ ರೈತರ ವರದಿಗಳು ಸಾಲಾಗಿ 0.04, 0.09, 0.3, 0.9 ಎಂದಿದ್ದವು. ಅವರಿಗೆ ಒಂದು ದಿನವೂ ಸುಸ್ತಾಗಿರಲಿಲ್ಲ, ಹೊಲದ ಕೆಲಸ ನಡೆದಿತ್ತು, ಸಿ.ಬಿ.ಸಿ. ನಾರ್ಮಲ್ ಇತ್ತು. "ನನಗೇನೂ ಆಗಿಲ್ಲಲ್ರಿ" ಎಂದು ಮೂರನೆಯ ವರದಿಯನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಿದ್ದರು. ನನ್ನ ಲೆಕ್ಕದಲ್ಲಿ 0.03ರಿಂದ 0.08ಕ್ಕೆ ಹೆದರಿ ಓಡಿಬಂದ ತಾಯಿಗಿಂತ ಇವರ ಬಗ್ಗೆಯೇ ಹೆಚ್ಚು ಚಿಂತೆ ಪಡಬೇಕು. ಮೂರು ಸಲ ಸತತವಾಗಿ ಏರಿದ್ದು ಮುಳ್ಳಿನ ಆಟವಲ್ಲ.

ಇಂಥ ಏರಿಕೆ ಕಂಡಾಗ ವೈದ್ಯರು ಮೊದಲು ಒಂದೆರಡು ತಿಂಗಳೊಳಗೆ ಪರೀಕ್ಷೆಯನ್ನು ಮತ್ತೆ ಮಾಡಿಸುತ್ತಾರೆ. ಜೊತೆಗೆ ಒಂದು ಪ್ರಶ್ನೆ ಕೇಳುತ್ತಾರೆ: ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ? ಇದು ಬೈಯುವುದಕ್ಕೆ ಕೇಳುವ ಪ್ರಶ್ನೆಯಲ್ಲ, ದಯವಿಟ್ಟು ನಿಜ ಹೇಳಿ. ನೀವು ತಪ್ಪಿಸಿದ್ದನ್ನು ಮುಚ್ಚಿಟ್ಟರೆ ವೈದ್ಯರು ಮಾತ್ರೆಯೇ ಸೋತಿದೆ ಎಂದುಕೊಂಡು ಇನ್ನೂ ಬಲವಾದ, ಬೇರೆ ಅಡ್ಡಪರಿಣಾಮಗಳಿರುವ ಔಷಧಿಗೆ ಹೋಗಬೇಕಾಗುತ್ತದೆ.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 87 ರೋಗಿಗಳ ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಸಣ್ಣ ಯಂತ್ರವಿಟ್ಟು, ಮೂರು ತಿಂಗಳು ಡಬ್ಬಿ ಎಷ್ಟು ಸಲ ತೆರೆಯಿತು ಎಂದು ಲೆಕ್ಕ ಹಾಕಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಾತ್ರೆ ತೆಗೆದುಕೊಂಡವರಲ್ಲಿ ಆರು ವರ್ಷದ ಹೊತ್ತಿಗೆ 0.1ರ ಗೆರೆ ತಲುಪುವ ಸಾಧ್ಯತೆ ನೂರಕ್ಕೆ ಸುಮಾರು 94. ತೊಂಬತ್ತು ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ನೂರಕ್ಕೆ 28 ಮಾತ್ರ. ನೂರಕ್ಕೆ ತೊಂಬತ್ತು ಎಂದರೆ ತಿಂಗಳಿಗೆ ಮೂರು ದಿನ ತಪ್ಪಿಸಿದ ಹಾಗೆ. ಅಷ್ಟೇ! ಜಾತ್ರೆಗೆ ಹೋದಾಗ ಒಂದು ದಿನ, ಮದುವೆ ಮನೆಯಲ್ಲಿ ಒಂದು ದಿನ, ಮಾತ್ರೆ ಖಾಲಿಯಾಗಿ ಇನ್ನೊಂದು ದಿನ. ಉಪವಾಸದ ದಿನವೂ ಮಾತ್ರೆ ಬಿಡಬಾರದು. ಇಮ್ಯಾಟಿನಿಬ್ ಊಟದ ಜೊತೆ, ದೊಡ್ಡ ಲೋಟದ ತುಂಬ ನೀರಿನೊಂದಿಗೆ ತೆಗೆದುಕೊಳ್ಳುವ ಮಾತ್ರೆ, ಬರೀ ಹೊಟ್ಟೆಗೆ ವಾಕರಿಕೆ ಬರುತ್ತದೆ. ಇಲ್ಲಿಗೆ ಬಂದ ದಿನ ದಾಸೋಹದಲ್ಲಿ ಪ್ರಸಾದ ಮುಗಿಸಿ ಅಲ್ಲಿಯೇ ತೆಗೆದುಕೊಳ್ಳಿ. ನೈಲೋಟಿನಿಬ್ ತೆಗೆದುಕೊಳ್ಳುವವರಿಗೆ ಮಾತ್ರ ಇದು ತಿರುವುಮುರುವು, ಅದಕ್ಕೆ ಮೊದಲು ಎರಡು ತಾಸು, ನಂತರ ಒಂದು ತಾಸು ಏನೂ ತಿನ್ನಬಾರದು.

ಮಾತ್ರೆ ತಪ್ಪಿಸುವವರೆಲ್ಲ ಮರೆತು ತಪ್ಪಿಸುತ್ತಾರೆ ಎಂದಲ್ಲ. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊದಿರುತ್ತದೆ, ಚರ್ಮ ಬೆಳ್ಳಗಾಗುತ್ತದೆ. ಊರಲ್ಲಿ "ಏನವ್ವಾ, ಬೆಂಗಳೂರಿಗೆ ಹೋಗಿ ಬಂದು ಬೆಳ್ಳಗಾಗೀಯಲ್ಲ" ಎನ್ನುತ್ತಾರಂತೆ. ಅದು ಮಾತ್ರೆಯದೇ ಪರಿಣಾಮ, ಹಾನಿಯಿಲ್ಲ. ಆದರೆ ಹಿಡಿತ, ಊತ, ವಾಂತಿಗಳಿಗೆ ಉಪಾಯಗಳಿವೆ. ತಾವಾಗಿಯೇ ದಿನ ಬಿಟ್ಟು ದಿನ ನುಂಗುವುದಕ್ಕಿಂತ ನಮಗೆ ಹೇಳಿದರೆ ಆಗುವ ಕೆಲಸ ಅದು.

ತಪ್ಪದೆ ನುಂಗಿದರೂ ಅಂಕಿ ಏರಲು ಇನ್ನೊಂದು ಕಾರಣ ಬೇರೆ ಔಷಧಿಗಳು. ಕ್ಷಯಕ್ಕೆ ಕೊಡುವ, ಮೂತ್ರ ಕೆಂಪಗಾಗಿಸುವ ರಿಫಾಂಪಿಸಿನ್ ಮಾತ್ರೆ ಇಮ್ಯಾಟಿನಿಬ್‌ನ ಬಲವನ್ನು ಬಹಳ ತಗ್ಗಿಸುತ್ತದೆ. ಮೂರ್ಛೆ ರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಹಾಗೆಯೇ. ಡಾಸಾಟಿನಿಬ್ ನುಂಗುವವರು "ಗ್ಯಾಸಿನ ಗುಳಿಗೆ" ಎಂದು ಅಂಗಡಿಯಲ್ಲಿ ಕೇಳಿ ತರುವ ಪ್ಯಾಂಟೊಪ್ರಜೋಲ್‌ನಂಥವು ಆ ಔಷಧಿ ಹೊಟ್ಟೆಯಲ್ಲಿ ಹೀರಿಕೊಳ್ಳದಂತೆ ಮಾಡುತ್ತವೆ. ನಮ್ಮಲ್ಲಿ ಗ್ಯಾಸಿನ ಗುಳಿಗೆಯನ್ನು ಯಾರೂ ಔಷಧಿ ಎಂದೇ ಎಣಿಸುವುದಿಲ್ಲ, ಪೆಪ್ಪರಮೆಂಟಿನ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಕಷಾಯ, ಪುಡಿ, ನಾಟಿ ಔಷಧಿ ಏನೇ ಇರಲಿ, ವೈದ್ಯರ ಮುಂದೆ ಹೇಳಿ.

ಇವೆರಡೂ ಕಾರಣವಲ್ಲ ಎಂದಾದರೆ ಆಗ ಮ್ಯುಟೇಶನ್ ಪರೀಕ್ಷೆ. ಆ ಜೋಡಿ ವಂಶವಾಹಿಯೇ ತನ್ನ ರೂಪ ಬದಲಿಸಿಕೊಂಡು ಮಾತ್ರೆಗೆ ಸಿಗದಂತಾಗಿದೆಯೇ ಎಂದು ಅದರಲ್ಲಿ ನೋಡುತ್ತಾರೆ. ಟಿ315ಐ ಎಂಬ ಬದಲಾವಣೆಯಾಗಿದ್ದರೆ ಇಮ್ಯಾಟಿನಿಬ್, ಡಾಸಾಟಿನಿಬ್, ನೈಲೋಟಿನಿಬ್ ಮೂರೂ ನಡೆಯುವುದಿಲ್ಲ, ಪೊನಾಟಿನಿಬ್, ಆಸಿಮಿನಿಬ್ ಎಂಬ ಬೇರೆ ಔಷಧಿಗಳಿವೆ. ಅಂಕಿ ತೀರಾ ಚಿಕ್ಕದಿದ್ದಾಗ ಈ ಪರೀಕ್ಷೆ ಮಾಡಲು ಬರುವುದಿಲ್ಲ. ಆದ್ದರಿಂದ 0.08ಕ್ಕೆ "ಮ್ಯುಟೇಶನ್ ಬರೆದುಕೊಡಿ" ಎಂದು ಒತ್ತಾಯ ಮಾಡಿದರೆ ದುಡ್ಡು ದಂಡ.

ಇನ್ನು "ನಾಟ್ ಡಿಟೆಕ್ಟೆಡ್", ಅಂದರೆ ಪತ್ತೆಯಾಗಿಲ್ಲ ಎಂಬ ವರದಿ. ಪೇಡೆ ಹಂಚಿದವರಿದ್ದಾರೆ, ಹಂಚಲಿ, ಸಂತೋಷದ ಸುದ್ದಿಯೇ. ಆದರೆ ತಕ್ಕಡಿಗೆ ಸಿಗದಷ್ಟು ಕಡಿಮೆಯಾಗಿದೆ ಎಂಬುದಷ್ಟೇ ಅದರ ಅರ್ಥ, ಇಲ್ಲವೇ ಇಲ್ಲ ಎಂದಲ್ಲ. ಮಾತ್ರೆ ನಿಲ್ಲಿಸಿ ನೋಡುವ ಪದ್ಧತಿ ಈಗ ಇದೆ ನಿಜ. ಫ್ರಾನ್ಸಿನಲ್ಲಿ ಎರಡು ವರ್ಷ ಪೂರ್ತಿ ಪತ್ತೆಯಾಗದೇ ಇದ್ದವರಲ್ಲಿ ಮಾತ್ರೆ ನಿಲ್ಲಿಸಿ ನೋಡಿದರು, 2010ರಲ್ಲಿ ಅದನ್ನು ಪ್ರಕಟಿಸಿದರು. ನೂರಕ್ಕೆ ಸುಮಾರು 40 ಮಂದಿಯಲ್ಲಿ ಕಾಯಿಲೆ ಮರಳಲಿಲ್ಲ, ಉಳಿದವರಲ್ಲಿ ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ ಅಂಕಿ ಮೇಲೆ ಬಂತು. ಅವರಿಗೆ ತಕ್ಷಣ ಮಾತ್ರೆ ಕೊಟ್ಟಾಗ ಮತ್ತೆ ಇಳಿಯಿತು. ತಿಂಗಳು ತಿಂಗಳೂ ಪಿಸಿಆರ್ ಮಾಡುತ್ತಿದ್ದುದರಿಂದಲೇ ಅದು ಸಾಧ್ಯವಾಯಿತು. ಹಲವು ವರ್ಷ ಮಾತ್ರೆ ತೆಗೆದುಕೊಂಡು, ಕನಿಷ್ಠ ಎರಡು ವರ್ಷ ಅಂಕಿ 0.01 ಅಥವಾ ಅದಕ್ಕೂ ಕೆಳಗೆ ನಿಂತವರಿಗೆ, ಪ್ರತಿ ತಿಂಗಳು ಪರೀಕ್ಷೆಗೆ ಬರುವ ಅನುಕೂಲವಿದ್ದವರಿಗೆ ಮಾತ್ರ ವೈದ್ಯರು ಇದರ ಮಾತೆತ್ತುತ್ತಾರೆ. ಮನೆಯಲ್ಲಿ ಕುಳಿತು ತಾವೇ ನಿಲ್ಲಿಸುವುದು ಕಣ್ಣು ಕಟ್ಟಿಕೊಂಡು ಬಾವಿಯ ದಂಡೆಯ ಮೇಲೆ ನಡೆದಂತೆ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು, ಈ ಮಾತ್ರೆಗಳು ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ ಮಾಡಬಲ್ಲವು.

ವರದಿ ನಂಬುವಂತಿದೆಯೇ ಎಂಬುದನ್ನೂ ನೋಡಬೇಕು. ಅದರಲ್ಲಿ ಎಬಿಎಲ್ ಕಾಪಿ ಎಂದು ಇನ್ನೊಂದು ದೊಡ್ಡ ಸಂಖ್ಯೆ ಇರುತ್ತದೆ. ರಕ್ತದ ಮಾದರಿ ಚೆನ್ನಾಗಿತ್ತೇ ಎಂದು ಹೇಳುವ ಸಂಖ್ಯೆ ಅದು, 10,000 ಅಥವಾ ಹೆಚ್ಚು ಇರಬೇಕು. ಸಾವಿರ ಎರಡು ಸಾವಿರ ಇದ್ದು "ಪತ್ತೆಯಾಗಿಲ್ಲ" ಎಂದು ಬಂದರೆ ಪೇಡೆ ತರುವ ಮೊದಲು ರಕ್ತ ಮತ್ತೊಮ್ಮೆ ಕೊಡಿ. ಈ ಕುರುಹು ಬೇಗ ಕೆಡುವಂಥದ್ದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದು ಆದಷ್ಟು ಬೇಗ, ಒಂದೆರಡು ದಿನದೊಳಗೆ ಲ್ಯಾಬ್ ಸೇರಬೇಕು. ಶನಿವಾರ ಮಧ್ಯಾಹ್ನ ಕೊಟ್ಟ ರಕ್ತ ಸೋಮವಾರದವರೆಗೆ ಎಲ್ಲೋ ಕುಳಿತಿರುತ್ತದೆ. ನಾವು ಪಿಸಿಆರ್‌ಗೆ ವಾರದ ಮೊದಲ ದಿನಗಳಲ್ಲೇ ಬನ್ನಿ ಎನ್ನುವುದು ಇದಕ್ಕಾಗಿ.

ಸಾಧ್ಯವಾದಷ್ಟು ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಐನೂರು ರೂಪಾಯಿ ಕಡಿಮೆ ಎಂದು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಮಾಡಿಸಿದರೆ ಏರಿದ್ದು ಕಾಯಿಲೆಯೋ ತಕ್ಕಡಿಯೋ ತಿಳಿಯದೆ ಕೊನೆಗೆ ಎರಡು ಪರೀಕ್ಷೆಯ ದುಡ್ಡು ಹೋಗುತ್ತದೆ. "ಐ.ಎಸ್." ಎಂದು ಬರೆಯದ ವರದಿಯನ್ನು ಬರೆದ ವರದಿಯ ಜೊತೆ ಹೋಲಿಸಬೇಡಿ. ಫಿಶ್ ಎಂಬ ಇನ್ನೊಂದು ಪರೀಕ್ಷೆಯಲ್ಲೂ ಶೇಕಡಾ ಇರುತ್ತದೆ, ಅದು ಕಣಗಳನ್ನೇ ಎಣಿಸಿದ ಲೆಕ್ಕ. ಫಿಶ್‌ನ 2 ಮತ್ತು ಪಿಸಿಆರ್‌ನ 2 ಒಂದೇ ಅಲ್ಲ. ಕಾಯಿಲೆ ಪತ್ತೆಯಾದಾಗಿನ ಮೊಟ್ಟಮೊದಲ ವರದಿಯನ್ನಂತೂ ಕಳೆಯಲೇಬೇಡಿ. ನಿಮ್ಮ ಜೋಡಿ ವಂಶವಾಹಿ ಯಾವ ಮಾದರಿಯದು ಎಂದು ಅದರಲ್ಲಿರುತ್ತದೆ. ಹೆಚ್ಚಿನವರದು ಪಿ210. ಕೆಲವೇ ಜನರಲ್ಲಿ ಅಪರೂಪದ ಮಾದರಿ ಇರುತ್ತದೆ, ಅಂಥವರಿಗೆ ಸಾಮಾನ್ಯ ಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ "ಪತ್ತೆಯಾಗಿಲ್ಲ" ಎಂದೇ ಬರುತ್ತದೆ.

0.1ರ ಕೆಳಗೆ ಬಂದು ನಿಲ್ಲುವವರೆಗೆ ಮೂರು ತಿಂಗಳಿಗೊಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ಮೂರರಿಂದ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ. ಖರ್ಚಿನ ತೊಂದರೆ ಇದ್ದರೆ ಪರೀಕ್ಷೆ ಬಿಡುವ ಮೊದಲು ನಮ್ಮ ಸಮಾಜ ಕಾರ್ಯಕರ್ತರನ್ನು ಕಾಣಿರಿ. ಆಯುಷ್ಮಾನ್ ಕಾರ್ಡ್, ಬಿ.ಪಿ.ಎಲ್. ಕಾರ್ಡ್ ಇದ್ದರೆ ಜೊತೆಗೆ ತನ್ನಿ.

ಈಗ ಎಲ್ಲರಿಗೂ ಒಂದೊಂದು ನೂರು ಪುಟದ ನೋಟ್‌ಬುಕ್ ಕೊಡುತ್ತಿದ್ದೇವೆ. ಪುಟಕ್ಕೆ ಐದು ಮನೆ ಗೆರೆ ಹಾಕಿದ್ದೇವೆ: ರಕ್ತ ಕೊಟ್ಟ ತಾರೀಖು, ಲ್ಯಾಬಿನ ಹೆಸರು, ಐ.ಎಸ್. ಅಂಕಿ, ಎಬಿಎಲ್ ಕಾಪಿ, ಆ ಮೂರು ತಿಂಗಳಲ್ಲಿ ತಪ್ಪಿದ ಮಾತ್ರೆ ಎಷ್ಟು. ಓದು ಬಾರದವರು ಮೊಮ್ಮಕ್ಕಳ ಕೈಯಲ್ಲಿ ಬರೆಸಿ. ಹಳೆಯ ವರದಿಗಳು ಪ್ಲಾಸ್ಟಿಕ್ ಚೀಲದಲ್ಲಿ ಹಿಂದು ಮುಂದಾಗಿದ್ದರೆ ಇಂದೇ ತೆಗೆದುಕೊಡಿ, ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರು ಪಕ್ಕದ ಮೇಜಿನಲ್ಲಿ ಕುಳಿತಿದ್ದಾರೆ, ತಾರೀಖಿನ ಪ್ರಕಾರ ಜೋಡಿಸಿ ಮೊದಲ ಪುಟ ಬರೆದುಕೊಡುತ್ತಾರೆ.